ಬಾಗಿಲಿಗೆ ಬರುವ ಪಿಗ್ಮಿ: ಕೊಡುವುದೆಷ್ಟು, ಕಳೆಯುವುದೆಷ್ಟು

ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತ ಸಂಜೆ ಮಿರ್ಚಿ ಬಂಡಿಗಳಲ್ಲಿ ಎಣ್ಣೆ ಕಾಯುವ ಹೊತ್ತಿಗೆ ಪಿಗ್ಮಿಯವರ ಸವಾರಿಯೂ ಶುರು. ಹೆಗಲಿಗೆ ಚೀಲ, ಕೈಯಲ್ಲಿ ಪುಟ್ಟ ಮಷೀನು. ಬೈಕಿನಿಂದ ಇಳಿಯುವುದೂ ಇಲ್ಲ. "ಅಣ್ಣಾ, ಇವತ್ತೆಷ್ಟು?" ಎಂಬ ಒಂದು ಮಾತು, ನೂರರ ಒಂದು ನೋಟು, ಟರ್ರೆಂದು ಹೊರಬರುವ ಒಂದು ಚೀಟಿ. ಅರ್ಧ ನಿಮಿಷದಲ್ಲಿ ಮುಂದಿನ ಬಂಡಿ. ಹೂಡಿಕೆ ಎಂಬ ಪದವನ್ನೇ ಬಾಯಿಗೆ ತರದ ಎಷ್ಟೋ ಜನರ ಮೊದಲ ಹೂಡಿಕೆ ಇದು, ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ ಠೇವಣಿ. ಹಾಗಾಗಿ ಮ್ಯೂಚುವಲ್ ಫಂಡು, ಷೇರು ಎಂದು ಆರಂಭಿಸುವ ಮುನ್ನ ಈ ಪಿಗ್ಮಿಯನ್ನೇ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು. ಬಡ್ಡಿ, ಅಪಾಯ, ಬೆಲೆಯೇರಿಕೆ, ಬೇಕೆಂದಾಗ ಕೈಗೆ ಸಿಗುವ ದುಡ್ಡು, ಎಲ್ಲ ಪಾಠವೂ ಇದರೊಳಗೇ ಇದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಪಿಗ್ಮಿಯನ್ನು ಬಡ್ಡಿಗಾಗಿ ಕಟ್ಟಿದರೆ ನಿರಾಸೆ ಖಚಿತ. ನಿಮ್ಮ ಗಲ್ಲಾದಿಂದ ದುಡ್ಡನ್ನು ದಿನಾ ಎತ್ತಿಕೊಂಡು ಹೋಗಲು ಒಬ್ಬ ಮನುಷ್ಯನನ್ನು ನೇಮಿಸಿಕೊಂಡ ಹಾಗೆ ಇದು. ಆ ಕೆಲಸವನ್ನು ಪಿಗ್ಮಿ ಚೆನ್ನಾಗಿ ಮಾಡುತ್ತದೆ, ಅದಕ್ಕೆ ಕೂಲಿಯನ್ನೂ ಚೆನ್ನಾಗಿಯೇ ಹಿಡಿದುಕೊಳ್ಳುತ್ತದೆ.

ಇದು ನಮ್ಮ ರಾಜ್ಯದಲ್ಲೇ ಹುಟ್ಟಿದ ಸರಕು. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪದ್ಧತಿ ಹಾಕಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಪಟ್ಟಣ ಸಹಕಾರ ಬ್ಯಾಂಕು ಎನ್ನದೆ ಎಲ್ಲರ ಬಾಯಲ್ಲೂ ಉಳಿಯಿತು. ತೊಂದರೆ ಹುಟ್ಟುವುದೂ ಇಲ್ಲೇ. ಹೆಸರು ಒಂದೇ, ಹಿಂದೆ ನಿಂತ ಸಂಸ್ಥೆ ಮಾತ್ರ ಒಂದೊಂದು ಚೀಟಿಗೆ ಒಂದೊಂದು. ಆ ಮಾತಿಗೆ ಆಮೇಲೆ ಬರೋಣ, ಮೊದಲು ಬಡ್ಡಿಯ ಲೆಕ್ಕ.

ದಿನಕ್ಕೆ 100 ರೂಪಾಯಿ, ರಜೆ-ಜಾತ್ರೆ ಕಳೆದು ತಿಂಗಳಿಗೆ 25 ದಿನ ಕಟ್ಟಿದಿರಿ ಎನ್ನಿ. ವರ್ಷಕ್ಕೆ 30,000. ಬಡ್ಡಿ ಶೇ. 4 ಎಂದು ಹೇಳಿದ್ದಾರೆ. ಹೆಚ್ಚಿನವರು ಕೂಡಲೇ ಮನಸ್ಸಿನಲ್ಲಿ 1,200 ರೂಪಾಯಿ ಎಂದು ಬರೆದುಕೊಳ್ಳುತ್ತಾರೆ. ವರ್ಷ ತುಂಬಿದ ದಿನ ಕೈಗೆ ಬರುವುದು ಸುಮಾರು 600. "ನಾಕು ಅಂದ್ರು, ಎರಡ ಕೊಟ್ರು" ಎಂಬ ಜಗಳ ಕೌಂಟರಿನಲ್ಲಿ ಆಗಾಗ ಕೇಳಿಸುವುದು ಇದಕ್ಕೇ. ಇಲ್ಲಿ ಮೋಸವೇನಿಲ್ಲ. ಮೊದಲ ದಿನ ಕಟ್ಟಿದ ನೂರು ರೂಪಾಯಿ ಮಾತ್ರ ಇಡೀ ವರ್ಷ ದುಡಿದಿದೆ. ಕೊನೆಯ ದಿನ ಕಟ್ಟಿದ ನೂರು ಒಂದು ರಾತ್ರಿಯೂ ಅಲ್ಲಿ ಮಲಗಿಲ್ಲ. ಸೊನ್ನೆಯಿಂದ 30,000ಕ್ಕೆ ಏರಿದ ಖಾತೆಯಲ್ಲಿ ವರ್ಷವಿಡೀ ಇದ್ದದ್ದು ಸರಾಸರಿ 15,000. ಅದರ ಶೇ. 4 ಎಂದರೆ 600.

ಇನ್ನೂ ಒಂದು ಸಣ್ಣ ಅಕ್ಷರದ ಷರತ್ತು ಇರುತ್ತದೆ. ಹಲವು ಕಡೆ ಬಡ್ಡಿಯನ್ನು ದಿನದ ಬಾಕಿಗೆ ಹಾಕದೆ, ಆ ತಿಂಗಳಲ್ಲಿ ಖಾತೆಯಲ್ಲಿದ್ದ ಅತಿ ಕಡಿಮೆ ಬಾಕಿಗೆ ಹಾಕುತ್ತಾರೆ. ಹಾಗೆ ಮಾಡಿದರೆ ಮೊದಲ ತಿಂಗಳಿಗೆ ಬಡ್ಡಿಯೇ ಇಲ್ಲ, ಎರಡನೇ ತಿಂಗಳಿಗೆ 2,500ರ ಮೇಲೆ, ಮೂರನೆಯದಕ್ಕೆ 5,000ದ ಮೇಲೆ. ಹೀಗೆ ಕೂಡಿಸುತ್ತ ಹೋದರೆ 600 ಇದ್ದದ್ದು 550ಕ್ಕೆ ಇಳಿಯುತ್ತದೆ. ಐವತ್ತು ರೂಪಾಯಿ ದೊಡ್ಡದಲ್ಲ, ಆದರೆ ಖಾತೆ ತೆರೆಯುವಾಗ "ಬಡ್ಡಿ ದಿನದ ಬಾಕಿಗೋ, ತಿಂಗಳ ಕನಿಷ್ಠ ಬಾಕಿಗೋ?" ಎಂದು ಕೇಳಿ ನೋಡಿ. ಉತ್ತರ ಬರುವ ರೀತಿಯಲ್ಲೇ ಆ ಸಂಸ್ಥೆಯ ಕಾರುಬಾರು ಅರ್ಧ ಗೊತ್ತಾಗುತ್ತದೆ.

ಬಡ್ಡಿ ಇಷ್ಟು ಕಡಿಮೆ ಯಾಕೆ? ಸಂಗ್ರಹಕಾರರಿಗೆ ಕೊಡುವ ಕಮಿಷನ್ ನೋಡಿ. ಅದು ಸಾಮಾನ್ಯವಾಗಿ ನೂರಕ್ಕೆ 2ರಿಂದ 3 ರೂಪಾಯಿ. ಮೂರು ಎಂದೇ ಹಿಡಿದರೆ ನಿಮ್ಮ 30,000ಕ್ಕೆ ಅವರಿಗೆ 900. ಸಂಸ್ಥೆಯ ಕೈಯಲ್ಲಿ ವರ್ಷವಿಡೀ ಇದ್ದದ್ದು ಸರಾಸರಿ 15,000 ತಾನೆ? ಅದರ ಲೆಕ್ಕದಲ್ಲಿ 900 ಎಂದರೆ ಶೇ. 6. ನಿಮಗೆ ಕೊಟ್ಟ 4, ನಡೆದು ಬಂದ ಕಾಲಿಗೆ ಕೊಟ್ಟ 6, ಒಟ್ಟು ಶೇ. 10 ಖರ್ಚು ಬಿದ್ದ ದುಡ್ಡು ಅದು. ಬಿಸಿಲಿಗೆ ಡಾಂಬರು ಕರಗುವ ಏಪ್ರಿಲ್‌ನಲ್ಲೂ ದಿನಾ ಬರುವ ಮನುಷ್ಯನಿಗೆ ಅಷ್ಟು ಸಿಗಬಾರದೆಂದು ನಾವು ಹೇಳುವುದಿಲ್ಲ. (ಇವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಬೇಕಾಗಿ ಬಂದದ್ದೇ ವಿಚಿತ್ರ.) ಆದರೆ ಕಾಲ್ನಡಿಗೆಯ ಕೂಲಿ ನಿಮ್ಮ ಬಡ್ಡಿಯೊಳಗಿಂದಲೇ ಹೋಗುತ್ತದೆ ಎಂಬುದು ತಿಳಿದಿರಲಿ. ನೀವೇ ನಡೆದು ಹೋಗಿ ಕಟ್ಟಿದರೆ ಏನು ಸಿಗುತ್ತದೆ ಎಂಬುದನ್ನೂ ಮುಂದೆ ನೋಡೋಣ.

ಪಿಗ್ಮಿಯ ನಿಜವಾದ ಪೆಟ್ಟು ಇರುವುದು ಕಡಿಮೆ ಬಡ್ಡಿಯಲ್ಲಲ್ಲ, ನಡುವೆ ಮುರಿಯುವುದರಲ್ಲಿ. ಹಲವು ಕಡೆ ಆರು ತಿಂಗಳೊಳಗೆ ಮುರಿದರೆ ಬಡ್ಡಿ ಇಲ್ಲ, ಮೇಲೆ ಸಂಗ್ರಹದ ಖರ್ಚೆಂದು ಕಡಿತವೂ ಉಂಟು. ಐದು ತಿಂಗಳು ಕಟ್ಟಿ 12,500 ಆಗಿದೆ, ಮಗಳ ಆಸ್ಪತ್ರೆ ಖರ್ಚಿಗೆ ಬೇಕಾಯಿತು, ಮುರಿದಿರಿ ಎನ್ನಿ. ಕಡಿತ ನೂರಕ್ಕೆ 3 ಇದ್ದರೆ 375 ರೂಪಾಯಿ ಹೋಯಿತು. ನೋಡಲು ಸಣ್ಣ ಮೊತ್ತ. ಆದರೆ ಆ ಐದು ತಿಂಗಳಲ್ಲಿ ಸರಾಸರಿ ಇದ್ದದ್ದು 6,250 ಮಾತ್ರ. ಐದು ತಿಂಗಳಿಗೆ 6,250ರ ಮೇಲೆ 375 ಕಳೆದರೆ ವರ್ಷದ ಲೆಕ್ಕದಲ್ಲಿ ಶೇ. 14.4. ನಿಮ್ಮ ದುಡ್ಡನ್ನು ಇನ್ನೊಬ್ಬರ ಬಳಿ ಇಡಲು ನೀವೇ ಶೇ. 14ಕ್ಕಿಂತ ಹೆಚ್ಚು ಬಡ್ಡಿ ಕಟ್ಟಿದ ಹಾಗಾಯಿತು.

ಇಂಥ ಹೊತ್ತಿನಲ್ಲಿ ಮುರಿಯುವ ಬದಲು ಪಿಗ್ಮಿಯ ಮೇಲೆಯೇ ಸಾಲ ಕೇಳಿ. ಕಟ್ಟಿದ ಮೊತ್ತದ ಒಂದು ಪಾಲನ್ನು ಸಾಲವಾಗಿ ಕೊಡುವ ಪದ್ಧತಿ ಬಹುತೇಕ ಕಡೆ ಇದೆ. 8,000 ರೂಪಾಯಿಯನ್ನು ಶೇ. 12ಕ್ಕೆ 45 ದಿನ ಪಡೆದರೆ ಬಡ್ಡಿ ಸುಮಾರು 118 ರೂಪಾಯಿ. 375 ಕಳೆದುಕೊಳ್ಳುವುದಕ್ಕಿಂತ ಮೇಲು, ಪಿಗ್ಮಿಯೂ ಉಳಿಯುತ್ತದೆ. ಒಂದೂವರೆ ತಿಂಗಳಲ್ಲಿ ತೀರಿಸಲು ಆಗದು ಎಂದು ಗೊತ್ತಿದ್ದರೆ ಮಾತ್ರ ಮುರಿಯುವುದೇ ಸರಿ.

ಇದೇ ಜಾಗದಲ್ಲಿ ಇನ್ನೊಂದು ಸಾಲವನ್ನು ಮುಂದೆ ಚಾಚುತ್ತಾರೆ: "ದಿನಾ ಕಟ್ಟೋ ಸಾಲ". 36,000 ಕೊಡುತ್ತಾರೆ, ದಿನಕ್ಕೆ 110ರಂತೆ 365 ದಿನ ಕಟ್ಟಬೇಕು. ಒಟ್ಟು 40,150. ಹೆಚ್ಚುವರಿ 4,150ನ್ನು 36,000ಕ್ಕೆ ಹೋಲಿಸಿ "ನೂರಕ್ಕ ಹನ್ನೊಂದೂವರಿ ಅಷ್ಟ" ಎನ್ನುತ್ತಾರೆ. ಪಿಗ್ಮಿಯ ಅದೇ ಸರಾಸರಿ ಲೆಕ್ಕ ಇಲ್ಲಿ ತಲೆಕೆಳಗಾಗಿ ಕೂತಿದೆ. ಎರಡನೇ ದಿನದಿಂದಲೇ ಅಸಲು ಕರಗುತ್ತ ಬರುತ್ತದೆ, ವರ್ಷವಿಡೀ ನಿಮ್ಮ ಕೈಯಲ್ಲಿ ಇದ್ದದ್ದು 36,000ದ ಅರ್ಧದಷ್ಟೇ. ನಿಜವಾದ ವಾರ್ಷಿಕ ಬಡ್ಡಿ ಸುಮಾರು ಶೇ. 22. ಕಟ್ಟುವಾಗ ಸರಾಸರಿ ನಿಮ್ಮ ಬಡ್ಡಿಯನ್ನು ಅರ್ಧ ಮಾಡಿತು, ಸಾಲ ತೀರಿಸುವಾಗ ಅದೇ ಸರಾಸರಿ ಅವರ ಬಡ್ಡಿಯನ್ನು ದುಪ್ಪಟ್ಟು ಮಾಡಿತು. ಪಿಗ್ಮಿ ಕಟ್ಟುವವರು ಒಂದೇ ಒಂದು ಲೆಕ್ಕ ಕಲಿಯುವುದಾದರೆ ಇದನ್ನು ಕಲಿಯಲಿ.

ಮಾರ್ಕೆಟ್ಟಿನಲ್ಲಿ ಇದಕ್ಕಿಂತ ಕ್ರೂರವಾದ ಲೆಕ್ಕವೂ ಇದೆ. ಬೆಳಿಗ್ಗೆ 900 ಕೈಗಿಟ್ಟು ಸಂಜೆ 1,000 ಕೇಳುವ ಮೀಟರ್ ಬಡ್ಡಿ. ಒಂದು ದಿನಕ್ಕೇ ಶೇ. 11. ಹೀಗೆ ತಂದು ತರಕಾರಿ ಮಾರುವವರು ಪಕ್ಕದಲ್ಲಿ ನೂರು ರೂಪಾಯಿ ಪಿಗ್ಮಿಯನ್ನೂ ಕಟ್ಟುತ್ತಿದ್ದರೆ ಆ ಪಿಗ್ಮಿ ಇವತ್ತೇ ನಿಲ್ಲಬೇಕು. ಆ ನೂರನ್ನು ಒಂಬತ್ತು ದಿನ ಡಬ್ಬಿಯಲ್ಲಿ ಹಾಕಿದರೆ ಹತ್ತನೇ ದಿನದ ಬೆಳಿಗ್ಗೆಯ ಬಂಡವಾಳ ಸ್ವಂತದ್ದು. ಅಂದಿನಿಂದ ದಿನಾ ಉಳಿಯುವ ನೂರು ರೂಪಾಯಿಯಷ್ಟು ಲಾಭ ಯಾವ ಬ್ಯಾಂಕೂ, ಯಾವ ಷೇರೂ ಕೊಡುವುದಿಲ್ಲ. ಸಾಲದ ಬಡ್ಡಿ ಉಳಿತಾಯದ ಬಡ್ಡಿಗಿಂತ ಹೆಚ್ಚಿದ್ದಾಗ ಸಾಲ ತೀರಿಸುವುದೇ ಹೂಡಿಕೆ.

ದಿನಕ್ಕೆ ಎಷ್ಟು ಕಟ್ಟಬೇಕು ಎಂಬುದು ಇದಕ್ಕೇ ಹೊಂದಿಕೊಂಡ ಪ್ರಶ್ನೆ. ಪಿಗ್ಮಿಯವರು ವ್ಯಾಪಾರ ನೋಡಿ ಮೊತ್ತ ಹೇಳುತ್ತಾರೆ, ನೀವು ಲಾಭ ನೋಡಿ ಹೇಳಬೇಕು. ಒಂದು ಮಿರ್ಚಿ-ಒಗ್ಗರಣಿ ಬಂಡಿಯಲ್ಲಿ ದಿನದ ವ್ಯಾಪಾರ 3,000 ಎನ್ನಿ. ಕಡ್ಲಿ ಹಿಟ್ಟು, ಮೆಣಸಿನಕಾಯಿ, ಮಂಡಾಳ, ಎಣ್ಣೆ, ಗ್ಯಾಸಿಗೆ 1,900, ಹುಡುಗನ ಕೂಲಿ 300, ಜಾಗ-ಲೈಟಿಗೆ 100. ಉಳಿದದ್ದು 700. ಮನೆಗೆ 550 ಹೋದರೆ ಕೈಯಲ್ಲಿ 150. ಹಾಗೆಂದು 150 ಪಿಗ್ಮಿ ಬರೆಸಬಾರದು. ಮಳೆ ಬಂದ ದಿನ, ಮೇ ತಿಂಗಳ ಬಿಸಿಲಿಗೆ ಬಜಾರೇ ಖಾಲಿಯಾದ ದಿನ ಎಷ್ಟು ಉಳಿಯುತ್ತದೆಯೋ ಅದೇ ಪಿಗ್ಮಿಯ ಮೊತ್ತ, 50 ಎನ್ನಿ. ಚೆನ್ನಾಗಿ ಆದ ದಿನ ಹೆಚ್ಚು ಹಾಕಲು ಹಲವು ಕಡೆ ಅಡ್ಡಿಯಿಲ್ಲ, ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಗಲ್ಲಾದಲ್ಲಿ ಇರುವುದೆಲ್ಲ ಲಾಭವಲ್ಲ, ಅದರಲ್ಲಿ ನಾಳೆಯ ಎಣ್ಣೆ ಡಬ್ಬಿಯೂ ಇದೆ. ನಾಳೆಯ ಎಣ್ಣೆಯನ್ನು ಇವತ್ತು ಪಿಗ್ಮಿಗೆ ಕೊಟ್ಟವರೇ ಬೆಳಿಗ್ಗೆ ಮೀಟರ್ ಬಡ್ಡಿಯವರ ಮುಂದೆ ನಿಲ್ಲುವುದು.

ಈಗ ಚೀಟಿ. ಅದನ್ನು ಮುದುರಿ ಗಲ್ಲಾದ ಮೂಲೆಗೆ ಎಸೆಯುವವರೇ ಹೆಚ್ಚು. ಒಮ್ಮೆ ಬಿಡಿಸಿ ನೋಡಿ: ಸಂಸ್ಥೆಯ ಹೆಸರು, ಖಾತೆ ಸಂಖ್ಯೆ, ದಿನಾಂಕ, ಹಿಂದಿನ ಬಾಕಿ, ಇಂದಿನ ಜಮಾ, ಒಟ್ಟು. ಇದರಲ್ಲಿ ಒಂದೇ ಒಂದನ್ನು ದಿನಾ ನೋಡಿದರೆ ಸಾಕು. ನಿನ್ನೆಯ ಚೀಟಿಯ "ಒಟ್ಟು" ಇವತ್ತಿನ ಚೀಟಿಯ "ಹಿಂದಿನ ಬಾಕಿ" ಆಗಿರಬೇಕು. ಆಗಿಲ್ಲವೆಂದರೆ ನಡುವೆ ಎಲ್ಲೋ ಒಂದು ದಿನದ ಜಮಾ ಬಿಟ್ಟುಹೋಗಿದೆ. ಹಲವು ಮಷೀನುಗಳಲ್ಲಿ ಬೆಳಿಗ್ಗೆ ಖಾತೆಗಳನ್ನು ತುಂಬಿಸಿಕೊಂಡು ಹೋಗಿ ಸಂಜೆ ಕಚೇರಿಯಲ್ಲಿ ಖಾಲಿ ಮಾಡುತ್ತಾರೆ. ಖಾಲಿ ಮಾಡುವುದು ತಡವಾದರೆ ಹಿಂದಿನ ಬಾಕಿ ಹಳೆಯದೇ ತೋರಿಸಬಹುದು, ಅದು ಮರುದಿನ ಸರಿಹೋಗಬೇಕು. ಎರಡು ಮೂರು ದಿನ ಹಾಗೆಯೇ ಮುಂದುವರಿದರೆ ಕಾಯಬೇಡಿ, ಚೀಟಿಗಳನ್ನು ಹಿಡಿದು ಶಾಖೆಗೇ ಹೋಗಿ. ಸಂಗ್ರಹಕಾರರನ್ನು ಬಂಡಿಯ ಮುಂದೆ ತರಾಟೆಗೆ ತೆಗೆದುಕೊಂಡರೆ ಪ್ರಯೋಜನವಿಲ್ಲ. ಲೆಕ್ಕ ಇರುವುದು ಶಾಖೆಯ ಲೆಡ್ಜರಿನಲ್ಲಿ.

ಈ ಚೀಟಿಯದು ಬಿಸಿಗೆ ಕಪ್ಪಾಗುವ ಕಾಗದ. ಒಲೆಯ ಪಕ್ಕ, ಬಿಸಿಲಿನ ಡಬ್ಬಿಯಲ್ಲಿ ಇಟ್ಟರೆ ಕೆಲವೇ ವಾರಗಳಲ್ಲಿ ಅಕ್ಷರ ಮಾಯ, ಇಲ್ಲವೇ ಇಡೀ ಚೀಟಿ ಕಪ್ಪು. ಆದ್ದರಿಂದ ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿ. ಮೊಬೈಲಿಗೆ ಎಸ್‌ಎಂಎಸ್ ಬರುವ ಹಾಗೆ ನಂಬರ್ ಕೊಡಿ, ಅದು ನಿಮ್ಮದೇ ನಂಬರ್ ಆಗಿರಲಿ.

ಫೋನ್‌ಪೇ ಕಾಲದಲ್ಲಿ ಹೊಸ ರಂಧ್ರವೊಂದು ಬಿದ್ದಿದೆ. "ನಗದು ಇಲ್ರಿ" ಎಂದರೆ "ನನ್ನ ನಂಬರಿಗೆ ಹಾಕ್ರಿ, ನಾನು ಕಟ್ತೀನಿ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಅವರ ಸ್ವಂತ ನಂಬರಿಗೆ ಹೋದ ದುಡ್ಡು ಸಂಸ್ಥೆಯ ಲೆಕ್ಕದಲ್ಲಿ ನಿಮ್ಮ ಜಮಾ ಅಲ್ಲ, ಇಬ್ಬರ ನಡುವಿನ ಕೈಗಡ. ಸಂಸ್ಥೆಯ ಹೆಸರೇ ತೋರಿಸುವ ಕ್ಯೂಆರ್ ಇದ್ದರೆ ಅದಕ್ಕೆ ಹಾಕಿ, ಇಲ್ಲವಾದರೆ ಅವತ್ತಿನದು ಬಿಡಿ. ಒಂದು ದಿನ ತಪ್ಪಿದರೆ ಪಿಗ್ಮಿಗೆ ಏನೂ ಆಗುವುದಿಲ್ಲ.

ಚೀಟಿಯ ತಲೆಯ ಮೇಲಿನ ಹೆಸರಿಗೆ ಬರೋಣ. ವಿಮರ್ಶೆಯಲ್ಲಿ ಅತಿ ಹೆಚ್ಚು ತೂಕ ಇದಕ್ಕೇ. ಆ ಹೆಸರು ಬ್ಯಾಂಕಿನದೋ, ಪತ್ತಿನ ಸಹಕಾರ ಸಂಘದ್ದೋ, ಸೌಹಾರ್ದ ಸಹಕಾರಿಯದೋ? ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕುಗಳ ಠೇವಣಿಗೆ ವಿಮೆ ಇದೆ. 2020ರ ಫೆಬ್ರವರಿ 4ರಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು-ಬಡ್ಡಿ ಸೇರಿ 5 ಲಕ್ಷದವರೆಗೆ, ಅದಕ್ಕೆ ಮುಂಚೆ ಇದ್ದದ್ದು 1 ಲಕ್ಷ. ವಿಮೆಯ ಕಂತು ಬ್ಯಾಂಕೇ ಕಟ್ಟುತ್ತದೆ. ಒಂದೇ ಬ್ಯಾಂಕಿನ ರಾಯಚೂರು ಶಾಖೆ, ಸಿಂಧನೂರು ಶಾಖೆ ಎಂದು ಹಂಚಿಟ್ಟರೂ ಒಂದೇ ಲೆಕ್ಕ. ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲ. ಸಹಕಾರ ಸಂಘಗಳು "ಬ್ಯಾಂಕ್" ಎಂದು ಹೆಸರಿಟ್ಟುಕೊಳ್ಳುವ ಬಗ್ಗೆ, ಅಲ್ಲಿನ ಠೇವಣಿಗೆ ವಿಮೆ ಇಲ್ಲದಿರುವ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಎಚ್ಚರಿಕೆಯನ್ನೇ ಹೊರಡಿಸಿತ್ತು.

ಸಂಘವೆಂದರೆ ಕೆಟ್ಟದ್ದೆಂದಲ್ಲ. ದಶಕಗಳಿಂದ ಪ್ರಾಮಾಣಿಕವಾಗಿ ನಡೆದು ಬಂದ ಸಂಘಗಳು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಆದರೆ ಬ್ಯಾಂಕು 4 ಕೊಡುವಾಗ ಸಂಘ 7 ಕೊಡುತ್ತಿದ್ದರೆ ಮೇಲಿನ ಆ 3 ಪ್ರೀತಿಯ ಉಡುಗೊರೆಯಲ್ಲ, ವಿಮೆ ಇಲ್ಲದ ಅಪಾಯವನ್ನು ನೀವು ಹೊತ್ತದ್ದಕ್ಕೆ ಬಾಡಿಗೆ. ಸರಾಸರಿ 15,000ದ ಮೇಲೆ ಆ ಬಾಡಿಗೆ ವರ್ಷಕ್ಕೆ 450 ರೂಪಾಯಿ. ಪಣಕ್ಕಿಟ್ಟದ್ದು 30,000. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದು ನೀವೇ ನಿರ್ಧರಿಸಿ. ಸಂಘದಲ್ಲೇ ಕಟ್ಟುವುದಾದರೆ ನೀವು ಮತದ ಹಕ್ಕಿರುವ ಸದಸ್ಯರೋ, ನಾಮಮಾತ್ರ ಸದಸ್ಯರೋ ಎಂದು ಕೇಳಿ, ಸೆಪ್ಟೆಂಬರ್‌ನ ವಾರ್ಷಿಕ ಮಹಾಸಭೆಯಲ್ಲಿ ಹಂಚುವ ವರದಿ ತರಿಸಿಕೊಳ್ಳಿ. ಅದರಲ್ಲಿ ಸುಸ್ತಿ ಸಾಲ, ಅಂದರೆ ಗಡುವು ಮೀರಿಯೂ ತೀರದ ಸಾಲ, ಎಷ್ಟಿದೆ ಎಂದು ಹುಡುಕಿ. ಹಿಂದಿನ ವರ್ಷಕ್ಕಿಂತ ಅದು ದುಪ್ಪಟ್ಟಾಗಿದ್ದರೆ ಊಟ ಮುಗಿಸಿ ಬಂದು ಪಿಗ್ಮಿಯ ದುಡ್ಡನ್ನು ವಾಪಸ್ ತೆಗೆದುಕೊಳ್ಳಿ.

ಹಾಗಾದರೆ ನಡೆದು ಹೋಗಿ ಕಟ್ಟಿದರೆ? ಅಂಚೆ ಕಚೇರಿಯ ತಿಂಗಳ ಕಂತಿನ ಠೇವಣಿ, ಅಂದರೆ ಆರ್‌ಡಿಗೆ 2025ರಲ್ಲಿ ಇದ್ದ ಬಡ್ಡಿ ಶೇ. 6.7. ಅದೇ 2,500ನ್ನು ತಿಂಗಳಿಗೊಮ್ಮೆ ಐದು ವರ್ಷ ಕಟ್ಟಿದರೆ 1,50,000ಕ್ಕೆ ಸುಮಾರು 1,78,415 ಬರುತ್ತದೆ. ಸರ್ಕಾರವೇ ಹೊಣೆ. ಒಂದು ತಿಂಗಳು ತಪ್ಪಿದರೆ ನೂರಕ್ಕೆ 1 ರೂಪಾಯಿ ದಂಡ, ಅಂದರೆ 25. ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ, ಮತ್ತೆ ಚಾಲು ಮಾಡಿಸಲು ಎರಡು ತಿಂಗಳು ಅವಕಾಶ. ಮೂರು ವರ್ಷಕ್ಕೆ ಮುಂಚೆ ಮುರಿಯುವಂತಿಲ್ಲ. ಆಮೇಲೆ ಮುರಿದರೂ ಅವಧಿಗೆ ಒಂದು ದಿನ ಕಡಿಮೆ ಇದ್ದರೆ ಉಳಿತಾಯ ಖಾತೆಯ ಶೇ. 4ರ ಬಡ್ಡಿಯೇ. ಅಂಚೆ ಆರ್‌ಡಿಗೂ ಮನೆಗೆ ಬರುವ ಮಹಿಳಾ ಏಜೆಂಟರಿದ್ದಾರೆ. ಅವರ ಶೇ. 4ರ ಕಮಿಷನ್ ಸರ್ಕಾರದ ಕಡೆಯಿಂದ, ನಿಮ್ಮ 6.7ರಲ್ಲಿ ಕಡಿತವಿಲ್ಲ. ಆದರೆ ಅವರು ತಿಂಗಳಿಗೊಮ್ಮೆ ಬರುತ್ತಾರೆ. ಆ ಮೂವತ್ತು ದಿನ ದುಡ್ಡು ನಿಮ್ಮ ಗಲ್ಲಾದಲ್ಲೇ ಇರಬೇಕು. ಮದುವೆ, ಊರ ಜಾತ್ರೆ, ಕೇಳಿಬರುವ ಭಾವಮೈದ, ಇವರಿಂದ ತಪ್ಪಿಸಿಕೊಂಡು ಅದು ಉಳಿಯುತ್ತದೆಯೇ? ಉಳಿಯುತ್ತದೆ ಎನ್ನುವವರಿಗೆ ಪಿಗ್ಮಿ ಬೇಡವೇ ಬೇಡ, ಸೀದಾ ಆರ್‌ಡಿ ತೆರೆಯಿರಿ. ತಿಂಗಳ ಸಂಬಳದವರೂ ಅಷ್ಟೇ. ಗಂಜ್ ಮಾರುಕಟ್ಟೆಯಲ್ಲಿ ಹತ್ತಿ, ಭತ್ತ ಮಾರಿ ವರ್ಷಕ್ಕೆ ಎರಡು ಸಲ ದುಡ್ಡು ಕಾಣುವ ರೈತರಿಗೆ ಪಿಗ್ಮಿಯೂ ಆರ್‌ಡಿಯೂ ಎರಡೂ ಅಳತೆಗೆ ಬಾರದ ಅಂಗಿ. ದಿನಾ ಗಲ್ಲಾ ತುಂಬಿ ದಿನಾ ಖಾಲಿಯಾಗುವವರಿಗೇ ಹೊಲಿದದ್ದು ಪಿಗ್ಮಿ.

ಅಂಥವರಿಗೆ ನಾವು ಹೇಳುವ ಕ್ರಮ: ಒಂದು ವರ್ಷ ಪಿಗ್ಮಿಯಲ್ಲಿ ಕೂಡಿಸಿ, ತುಂಬಿದ ವಾರವೇ ಅಲ್ಲಿಂದ ಎತ್ತಿ. ಬೆಲೆ ವರ್ಷಕ್ಕೆ ಶೇ. 4 ಏರಿದರೆ (ರಿಸರ್ವ್ ಬ್ಯಾಂಕ್ ಇಟ್ಟುಕೊಂಡ ಗುರಿಯೂ ಅಷ್ಟೇ) ಇವತ್ತು 1,000ಕ್ಕೆ ಬರುವ ಸಾಮಾನಿಗೆ ಮುಂದಿನ ವರ್ಷ 1,040 ಬೇಕು. ಶೇ. 4ರ ಪಿಗ್ಮಿ ಓಡಿ ಓಡಿ ನಿಂತಲ್ಲೇ ಇರುತ್ತದೆ. ಅದೇ 30,000ನ್ನು ಅಂಚೆಯ ಒಂದು ವರ್ಷದ ಠೇವಣಿಗೆ ಹಾಕಿದರೆ, 2025ರ ಶೇ. 6.9ರ ದರದಲ್ಲಿ, ವರ್ಷಕ್ಕೆ 2,124 ಬಡ್ಡಿ. ಐದು ವರ್ಷ ಮುಟ್ಟುವುದಿಲ್ಲ ಎಂಬ ಧೈರ್ಯವಿದ್ದರೆ ರಾಷ್ಟ್ರೀಯ ಉಳಿತಾಯ ಪತ್ರ, ಅಂದರೆ ಎನ್‌ಎಸ್‌ಸಿಯಲ್ಲಿ, ಅದೇ ವರ್ಷದ ಶೇ. 7.7ಕ್ಕೆ, 43,471. ಎನ್‌ಎಸ್‌ಸಿಯನ್ನು ನಡುವೆ ಮುರಿಯಲು ಬಿಡುವುದಿಲ್ಲ, ಹಾಗಾಗಿ ಮೊದಲ ವರ್ಷದ ಪಿಗ್ಮಿಯನ್ನು ಅಲ್ಲಿಗೆ ಕೊಂಡೊಯ್ಯಬೇಡಿ. ಮೊದಲನೆಯದು ಆಪತ್ತಿಗೆ, ಒಂದು ವರ್ಷದ ಠೇವಣಿಯಲ್ಲಿ ಇರಲಿ. ಎರಡನೆಯದರಿಂದ ಎನ್‌ಎಸ್‌ಸಿ.

ಖಾತೆ ಯಾವ ತಿಂಗಳು ತೆರೆಯುತ್ತೀರಿ ಎಂಬುದಕ್ಕೂ ಲೆಕ್ಕವಿದೆ. ಮೇ ಎರಡನೇ ವಾರ ತೆರೆದರೆ ಮುಂದಿನ ಮೇನಲ್ಲಿ, ಶಾಲೆ ಫೀಜಿಗೆ ಸರಿಯಾಗಿ ಕೈಗೆ ಬರುತ್ತದೆ. ಜುಲೈಯಲ್ಲಿ ತೆರೆದವರು ಜೂನ್‌ನಲ್ಲಿ ಹನ್ನೊಂದನೇ ತಿಂಗಳಿಗೆ ಮುರಿಯಲು ಓಡಾಡುತ್ತಾರೆ. ಅರ್ಜಿಯಲ್ಲಿ ನಾಮಿನಿಯ ಜಾಗವನ್ನು ಸಂಗ್ರಹಕಾರರು "ಆಮ್ಯಾಲ ಬರ್ಕೋತೀನ್ರಿ" ಎಂದು ಖಾಲಿ ಬಿಡಿಸುವುದುಂಟು. ಅಲ್ಲೇ, ನಿಮ್ಮ ಮುಂದೆಯೇ ಬರೆಸಿ.

ಅವಧಿ ಮುಗಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಯಾಕೆಂದರೆ ಆ ದಿನಾಂಕ ದಾಟಿದ ಮೇಲೆ ಹಲವು ಕಡೆ ಬಡ್ಡಿ ನಿಲ್ಲುತ್ತದೆ, ನೆನಪಿಸುವವರು ಯಾರೂ ಇಲ್ಲ. ಪಾಸ್‌ಬುಕ್, ಆಧಾರ್, ಕೊನೆಯ ಚೀಟಿ ಹಿಡಿದು ಶಾಖೆಗೇ ಹೋಗಿ. ಬಡ್ಡಿ ಎಷ್ಟು ಹಾಕಿದ್ದಾರೆ, ಕಡಿತ ಏನಾದರೂ ಇದೆಯೇ ಎಂದು ನೋಡಿ ಆಮೇಲೆ ಸಹಿ ಮಾಡಿ. ಮೊತ್ತವನ್ನು ನಗದಾಗಿ ತರಬೇಡಿ, ನಿಮ್ಮ ಉಳಿತಾಯ ಖಾತೆಗೆ ಹಾಕಿಸಿ. ಹೊರಗೆ ಬರುವಷ್ಟರಲ್ಲಿ ಹೊಸ ಅರ್ಜಿ ಹಿಡಿದು ಪಿಗ್ಮಿಯವರು ನಿಂತಿರುತ್ತಾರೆ, ಈ ಸಲ ದಿನಕ್ಕೆ ಇನ್ನೂರು ಮಾಡೋಣ ಎನ್ನುತ್ತಾರೆ. ಅರ್ಜಿ ತೆಗೆದುಕೊಳ್ಳಿ, ನಾಮಿನಿ ಬರೆಸಿ, ಮೊತ್ತದ ಜಾಗದಲ್ಲಿ ಹಳೆಯದನ್ನೇ ತುಂಬಿಸಿ, ಅಂಚೆ ಕಚೇರಿ ಮುಚ್ಚುವ ಮುನ್ನ ಅತ್ತ ನಡೆಯಿರಿ.